ಮಾರಿಸ್ ಮೈನರ್‌ನ ಮುಂಗಾಲು ಬಿಚ್ಚಿ ಕಟ್ಟುವ ಬಗೆ

ಮಾರಿಸ್ ಮೈನರ್ ಇಟ್ಟುಕೊಂಡವರಿಗೆಲ್ಲ ಒಂದು ಚಿತ್ರ ಗೊತ್ತಿರುತ್ತದೆ. ಗೇಟಿನ ಹತ್ತಿರ ಕಾರು ನಿಂತಿದೆ, ಮುಂದಿನ ಒಂದು ಚಕ್ರ ಕಾಲು ಮುರಿದ ಕುರ್ಚಿಯ ಹಾಗೆ ಒಳಕ್ಕೆ ಮಡಚಿಕೊಂಡಿದೆ, ಆ ಬದಿಯ ಮಡ್‌ಗಾರ್ಡು ಟೈರಿನ ಮೇಲೆ ಕೂತಿದೆ. ಓಡಿಸುತ್ತಿದ್ದವರು ಏನೂ ತಪ್ಪು ಮಾಡಿರುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಳಗೆ ತರುತ್ತಿದ್ದರು, ಅಷ್ಟೇ. ಈ ಕಾರಿನಲ್ಲಿ ಅದು ಹೆಚ್ಚಾಗಿ ಆಗುವುದೇ ಹಾಗೆ, ಜೋರಾಗಿ ಹೋಗುವಾಗ ಅಲ್ಲ, ತಿರುಗಿಸುವಾಗ. ಕಾರಣ ಕೆಳಗಿನ ಟ್ರುನಿಯನ್ ಎಂಬ ಮುಷ್ಟಿಯಷ್ಟು ಸಣ್ಣ ಕಬ್ಬಿಣದ ತುಂಡು. ಅದರೊಳಗಿನ ಥ್ರೆಡ್ ಸವೆದು ತೆಳುವಾಗಿ, ಕೊನೆಗೊಂದು ದಿನ ಹಿಡಿತ ಬಿಡುತ್ತದೆ.

ಇದು ಆ ತುಂಡನ್ನೂ ಅದರ ನೆರೆಹೊರೆಯನ್ನೂ ಬದಲಿಸುವ ಬಗ್ಗೆ. ನಮ್ಮ ಮನೆಯಲ್ಲಿರುವುದು 948 ಸಿಸಿ ಎಂಜಿನ್ನಿನ ಮೈನರ್ 1000. ಅದರ ಮುಂಭಾಗವನ್ನು ಎರಡು ಸಲ ಬಿಚ್ಚಿದ್ದೇನೆ. ಎರಡನೆಯ ಸಲ ಬಿಚ್ಚಬೇಕಾಗಿ ಬಂದದ್ದು ಮೊದಲ ಸಲ ಮಾಡಿದ ತಪ್ಪಿನಿಂದ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಒಳಗೆ ಏನಿದೆ

ಮೈನರ್ 1948ರಲ್ಲಿ ಬಂತು, 1971ರವರೆಗೆ ತಯಾರಾಯಿತು. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು, 1959ರಲ್ಲಿ ಮಿನಿ ಕಾರು ಕೊಟ್ಟವರೇ. ಆ ಕಾಲದ ಸಣ್ಣ ಕಾರುಗಳಲ್ಲಿ ಮುಂದೆಯೂ ಗಾಡಿಯ ಹಾಗೆ ಒಂದೇ ಅಚ್ಚು, ಪಟ್ಟಿ ಸ್ಪ್ರಿಂಗು ಇರುವುದು ಸಾಮಾನ್ಯವಾಗಿದ್ದಾಗ ಇವರು ಎರಡೂ ಚಕ್ರಗಳನ್ನು ಬೇರೆಬೇರೆ ಕುಣಿಯಲು ಬಿಟ್ಟರು. ಸ್ಪ್ರಿಂಗಿನ ಬದಲು ಉದ್ದನೆಯ ಉಕ್ಕಿನ ಸರಳು: ಟಾರ್ಷನ್ ಬಾರ್. ಕಾರಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಮಲಗಿರುತ್ತದೆ. ಹಿಂದಿನ ತುದಿ ಅಡ್ಡತೊಲೆಗೆ ಬಿಗಿದಿದೆ, ಮುಂದಿನ ತುದಿ ಕೆಳಗಿನ ತೋಳಿನೊಳಗೆ ಹಲ್ಲುಹಲ್ಲಾಗಿ ಕೂತಿದೆ. ಚಕ್ರ ಮೇಲೆದ್ದರೆ ತೋಳು ಮೇಲೇಳುತ್ತದೆ, ಸರಳು ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ, ಆದರೆ ಬಿಟ್ಟ ತಕ್ಷಣ ಮರಳಿ ಬರುವ ಬಟ್ಟೆ.

ಮೇಲಿನ ತೋಳು ಬೇರೆಯಾಗಿ ಇಲ್ಲ. ಶಾಕ್ ಅಬ್ಸಾರ್ಬರ್‌ನ ಕೈಯೇ ಮೇಲಿನ ತೋಳು. ಆರ್ಮ್‌ಸ್ಟ್ರಾಂಗ್ ಕಂಪನಿಯ ಎಣ್ಣೆ ತುಂಬಿದ ಡಬ್ಬಿ, ಅದರಿಂದ ಹೊರಬಂದ ಒಂದು ಲಿವರ್. ಈ ಲಿವರ್‌ಗೂ ಕೆಳಗಿನ ತೋಳಿಗೂ ನಡುವೆ ನೆಟ್ಟಗೆ ನಿಂತಿರುವುದು ಸ್ವಿವೆಲ್ ಪಿನ್, ನಮ್ಮ ಗ್ಯಾರೇಜುಗಳಲ್ಲಿ ಕಿಂಗ್ ಪಿನ್ ಎಂದೇ ಕರೆಯುತ್ತಾರೆ. ಅದರ ಎರಡೂ ತುದಿಯಲ್ಲಿ ಥ್ರೆಡ್ ಇದೆ. ಮೇಲಿನ ತುದಿ ಮೇಲಿನ ಟ್ರುನಿಯನ್ನಿನೊಳಗೆ, ಕೆಳಗಿನ ತುದಿ ಕೆಳಗಿನ ಟ್ರುನಿಯನ್ನಿನೊಳಗೆ. ಸ್ಟೇರಿಂಗ್ ತಿರುಗಿಸಿದಾಗ ಈ ಪಿನ್ನು ಟ್ರುನಿಯನ್ನುಗಳೊಳಗೆ ತಿರುಪಿನ ಹಾಗೆ ತಿರುಗುತ್ತದೆ. ಅಂದರೆ ಕಾರಿನ ಮೂತಿಯ ಆ ಬದಿಯ ಭಾರವೆಲ್ಲ ಥ್ರೆಡ್ಡಿನ ಮೇಲೆ, ಬೇರಿಂಗೂ ಅದೇ ಥ್ರೆಡ್ಡು. ಗ್ರೀಸ್ ಇದ್ದಷ್ಟು ಕಾಲ ಚೆಂದ. ಒಣಗಿದರೆ ಮೇಲೆ ಹೇಳಿದ ಚಿತ್ರ.

ಇನ್ನೊಂದು ಭಾಗ ಟೈ ಬಾರ್. ಕೆಳಗಿನ ತೋಳಿನಿಂದ ಬಾಡಿಗೆ ಓರೆಯಾಗಿ ಹೋಗುವ ಕಡ್ಡಿ. ಬ್ರೇಕ್ ಹೊಡೆದಾಗ ಚಕ್ರ ಹಿಂದೆ ಜರುಗದಂತೆ ಹಿಡಿಯುವುದು ಅದು, ಅದರ ಬಾಡಿ ಕಡೆಯ ತುದಿಯಲ್ಲಿ ರಬ್ಬರ್ ದಿಂಬುಗಳಿವೆ.

ಅಂಬಾಸಿಡರ್ ಕೈಯಾಡಿಸಿದ ಹಳೆಯ ಮೇಸ್ತ್ರಿಗಳಿಗೆ ಇದೇನೂ ಹೊಸದಲ್ಲ. ಅದು ಮಾರಿಸ್ ಆಕ್ಸ್‌ಫರ್ಡ್‌ನ ಕುಡಿ, ಅದರಲ್ಲೂ ಮುಂದೆ ಟಾರ್ಷನ್ ಬಾರ್. ಮೈನರ್ ಕೂಡ ಇಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನಿಂದ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಬಂದದ್ದುಂಟು. ಹಾಗಾಗಿ ಇಂಗ್ಲಿಷ್ ಮ್ಯಾನ್ಯುಯಲ್ ಓದದವರಾದರೂ ಒಬ್ಬ ಅಂಬಾಸಿಡರ್ ಮೇಸ್ತ್ರಿ ಪಕ್ಕದಲ್ಲಿದ್ದರೆ ಅರ್ಧ ಧೈರ್ಯ.

ಕೊಳ್ಳುವ ಮುಂಚೆ ಅಲುಗಾಡಿಸಿ ನೋಡಿ

ಇಡೀ ಕಿಟ್ ತರಿಸಿ ಎಲ್ಲ ಬದಲಿಸಿಬಿಡೋಣ ಎನ್ನುವ ಆಸೆ ಬರುತ್ತದೆ. ತಡೆಯಿರಿ. ಹಳೆಯ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಗಟ್ಟಿ ತುಂಡನ್ನು ಬಿಸಾಡಿ ಅದಕ್ಕಿಂತ ಕಳಪೆಯ ಹೊಸದನ್ನು ಹಾಕುವುದು ತುಂಬ ಸುಲಭ.

ಚಕ್ರ ನೆಲ ಬಿಡುವಷ್ಟು ಜಾಕ್ ಏರಿಸಿ, ಸ್ಟ್ಯಾಂಡ್ ಕೊಡಿ. ಟೈರಿನ ತಲೆ ಮತ್ತು ಬುಡ ಹಿಡಿದು ಒಳಗೂ ಹೊರಗೂ ಅಲುಗಾಡಿಸಿ. ಪ್ಲೇ, ಅಂದರೆ ಸಡಿಲ ಆಟ, ಇದ್ದರೆ ಒಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ದೋಷ ಹಬ್‌ನ (ಚಕ್ರ ಕೂರುವ ನಡುಭಾಗದ) ಬೇರಿಂಗಿನದು. ಹಾಗೇ ಉಳಿದರೆ ಟ್ರುನಿಯನ್ನಿನದೋ, ಕೀಲಿನೊಳಗಿನ ರಬ್ಬರ್ ಕೊಳವೆಯಾದ ಬುಷ್ಷಿನದೋ. ಯಾವುದು ಎಂದು ತಿಳಿಯಲು ಟಾರ್ಚ್ ಹಿಡಿದು, ಇನ್ನೊಬ್ಬರು ಅಲುಗಾಡಿಸುವಾಗ ಒಂದೊಂದು ಕೀಲಿನ ಮೇಲೂ ಬೆರಳಿಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಟೈರನ್ನು ಎಡ ಬಲ ಹಿಡಿದು ಅಲುಗಾಡಿಸಿ: ಇಲ್ಲಿ ಬರುವ ಪ್ಲೇ ಟೈ ರಾಡ್ ಎಂಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ತುದಿಯ ಕೀಲು, ಟೈ ಬಾರ್ ಬೇರೆ) ಅಥವಾ ಸ್ಟೇರಿಂಗ್ ರ‍್ಯಾಕಿನದು.

ಕೆಳಗಿನ ಟ್ರುನಿಯನ್ನಿಗೆ ಇನ್ನೊಂದು ಪರೀಕ್ಷೆ ಬೇಕು, ಏಕೆಂದರೆ ಅದರ ಸವೆತ ಮೇಲೆ ಕೆಳಗೆ ಇರುತ್ತದೆ. ಟೈರಿನ ಕೆಳಗೆ ಒಂದು ಸಲಾಕೆ ತೂರಿಸಿ ಮೇಲಕ್ಕೆ ಮೀಟಿ. ಪಿನ್ನು ಟ್ರುನಿಯನ್ನಿನೊಳಗೆ ಟಕ್ ಎಂದು ಮೇಲೆ ಕೆಳಗೆ ಆಡಿದರೆ ಕಾರನ್ನು ರಸ್ತೆಗೆ ಇಳಿಸಲೇಬೇಡಿ.

ಶಾಕ್‌ಗೆ ಪರೀಕ್ಷೆ ಸುಲಭ. ಮೈಯೆಲ್ಲ ಎಣ್ಣೆ ಹತ್ತಿದ್ದರೆ ಸೋರುತ್ತಿದೆ. ಬಿಚ್ಚಿದ ಮೇಲೆ ಲಿವರನ್ನು ಕೈಯಲ್ಲಿ ನಿಧಾನವಾಗಿ ಮೇಲೆ ಕೆಳಗೆ ಎಳೆದರೆ ಉದ್ದಕ್ಕೂ ಒಂದೇ ಹದದ ಬಿಗಿ ಸಿಗಬೇಕು. ನಡುವೆ ಎಲ್ಲೋ ಸಡಿಲ ಬಿಟ್ಟರೆ ಎಣ್ಣೆ ಕಡಿಮೆ ಅಥವಾ ಒಳಗಿನ ಕವಾಟ ಹೋಗಿದೆ.

ಸಾಮಾನು ತರಿಸುವುದು

ಟ್ರುನಿಯನ್, ಸ್ವಿವೆಲ್ ಪಿನ್, ರಬ್ಬರ್ ಸೆಟ್ ಇವೆಲ್ಲ ಬ್ರಿಟನ್ನಿನ ಮೈನರ್ ಅಂಗಡಿಗಳಿಂದ ಬರಬೇಕು. ಅಲ್ಲಿ ಈ ಕಾರು ಇನ್ನೂ ಎಷ್ಟೊಂದು ಓಡುತ್ತಿರುವುದರಿಂದ ಹೊಸದಾಗಿ ಎರಕ ಹೊಯ್ದ ಭಾಗಗಳು ಸಿಗುತ್ತವೆ. ಸಾಗಣೆಯ ಮೇಲೆ ಕಸ್ಟಮ್ಸ್ ಸುಂಕವೂ ಬೀಳುವುದರಿಂದ ಸಣ್ಣಪುಟ್ಟದ್ದೆಲ್ಲ ಒಂದೇ ಪಾರ್ಸೆಲ್‌ನಲ್ಲಿ ತರಿಸಿ. ಬೇರಿಂಗು, ಆಯಿಲ್ ಸೀಲು, ಗ್ರೀಸ್ ನಿಪ್ಪಲ್ (ಗ್ರೀಸ್ ಒತ್ತುವ ಬಾಯಿ), ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನುಗಳಿಗೆ ಲಂಡನ್ನಿನ ಹಂಗು ಬೇಡ. ಬೇರಿಂಗಿನ ಮೇಲೆ ಕೊರೆದ ನಂಬರನ್ನೂ ಸೀಲಿನ ಅಳತೆಯನ್ನೂ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗ್ಗೆ ಅಲೆದರೆ ಸಾಕು.

ಆರ್ಡರ್ ಮಾಡುವಾಗ ಎಡ ಬಲ ನೋಡಿ. ಎರಡು ಬದಿಯ ಟ್ರುನಿಯನ್ನು ಒಂದೇ ರೀತಿ ಕಾಣುತ್ತವೆ, ಆದರೆ ಒಂದು ಬದಿಯದು ಮಾಮೂಲಿ ಥ್ರೆಡ್, ಇನ್ನೊಂದು ಬದಿಯದು ಉಲ್ಟಾ ಥ್ರೆಡ್. ಪಿನ್ನಿಗೂ ಹಾಗೇ. ಎರಡು ಟ್ರುನಿಯನ್ನುಗಳನ್ನು ಒಟ್ಟಿಗೆ ತೊಳೆಯಲು ಸೀಮೆಎಣ್ಣೆಯ ಬಾಂಡ್ಲಿಗೆ ಹಾಕುವ ಮುಂಚೆ ಒಂದಕ್ಕೆ ತಂತಿ ಕಟ್ಟಿ.

ರಬ್ಬರ್ ಬೇಕೋ ಪಾಲಿಯುರೆಥೇನ್ ಬೇಕೋ ಎಂಬ ಜಗಳ ಮುಗಿಯುವುದಿಲ್ಲ. ಪಾಲಿ ಬುಷ್ ಗಟ್ಟಿ, ಎಣ್ಣೆ ಬಿದ್ದರೂ ಊದುವುದಿಲ್ಲ, ಹಾಕಲೂ ಸುಲಭ. ಆದರೆ ಅದು ಗಟ್ಟಿ ಎನ್ನುವುದೇ ನನಗೆ ಇಷ್ಟವಾಗದ್ದು. ಮೈನರ್‌ನ ನಡಿಗೆಯ ಸುಖ ಅದರ ಮೆತ್ತನೆಯಲ್ಲಿದೆ, ನಮ್ಮ ರಸ್ತೆಯ ಹೊಡೆತ ಮೊದಲು ತಿನ್ನುವುದು ರಬ್ಬರೇ ಆಗಿರಲಿ, ಬಾಡಿಯ ತಗಡಾಗುವುದು ಬೇಡ. ಟೈ ಬಾರ್‌ನ ದಿಂಬಿಗೆ ಮಾತ್ರ ಪಾಲಿ ಹಾಕಿದ್ದೇನೆ, ಬ್ರೇಕ್ ಹೊಡೆದಾಗ ಕಾರು ನೇರ ನಿಲ್ಲುತ್ತದೆ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ ಪರೀಕ್ಷಿಸಿ. ಹೊಸ ಪಿನ್ನನ್ನು ಹೊಸ ಟ್ರುನಿಯನ್ನಿಗೆ ಒಂದು ಹನಿ ಎಣ್ಣೆ ಬಿಟ್ಟು ಬರಿಗೈಯಲ್ಲಿ ಪೂರ್ತಿ ತಿರುಗಿಸಿ ಇಳಿಸಿ. ಬೆರಳಲ್ಲಿ ಸಲೀಸಾಗಿ ಇಳಿಯಬೇಕು, ಆದರೆ ಇಳಿದ ಮೇಲೆ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬಾರದು. ನನಗೆ ಬಂದ ಒಂದು ಜೊತೆ ಅರ್ಧಕ್ಕೇ ಬಿಗಿಯಾಗಿ ನಿಂತಿತು. ಸ್ಪ್ಯಾನರ್ ಹಾಕಿ ಇಳಿಸಿಬಿಡೋಣ ಎಂದು ಕೈ ತುರಿಸಿತು. ಹಾಗೆ ಇಳಿಸಿದ್ದರೆ ಸ್ಟೇರಿಂಗ್ ಕಲ್ಲಾಗುತ್ತಿತ್ತು. ವಾಪಸ್ ಕಳಿಸಿದೆ. ಆಮೇಲೆ ಗ್ರೀಸ್ ನಿಪ್ಪಲ್ ಹಾಕಿ ಗನ್ನಿನಿಂದ ಒತ್ತಿ ನೋಡಿ, ಗ್ರೀಸು ನಿಜವಾಗಿ ಥ್ರೆಡ್ಡಿನವರೆಗೆ ಬರುತ್ತಿದೆಯೇ. ಒಳತೂತಿನಲ್ಲಿ ಕೊರೆದ ಕಬ್ಬಿಣದ ಸುರುಳಿ ಉಳಿದಿರುವುದುಂಟು. ತಂತಿ ಹಾಕಿ ಕೆದಕಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಊದಿ.

ಸ್ಪ್ಯಾನರ್ ವಿಷಯ

ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಆಮೇಲೆ ನಟ್ಟಿನ ಮೂಲೆಗಳೆಲ್ಲ ದುಂಡಾಗುತ್ತವೆ. ಈ ಕಾರು ಇಂಚಿನದು. 1/2 ಇಂಚಿನ ಸ್ಪ್ಯಾನರ್ ಎಂದರೆ 12.7 ಮಿ.ಮೀ., ನಮ್ಮ 13 ಹಾಕಿದರೆ ಸಡಿಲ, ತುಕ್ಕು ಹಿಡಿದ ನಟ್ಟಾದರೆ ಜಾರುತ್ತದೆ. 9/16 ಎಂದರೆ 14.3, ಅದಕ್ಕೆ 14 ಹಿಡಿಯುವುದೇ ಇಲ್ಲ, 15 ಲೊಡಲೊಡ. 3/4 ಮಾತ್ರ 19.05, ಅಲ್ಲಿ 19 ಚೆನ್ನಾಗಿ ಕೂರುತ್ತದೆ, 5/8ಕ್ಕೆ 16 ನಡೆಯುತ್ತದೆ. ಇಂಚಿನ ಅಳತೆಯ ಸಾಕೆಟ್ ಸೆಟ್ ಒಂದನ್ನು ಇಟ್ಟುಕೊಳ್ಳಿ. ಹಳೆಯ ಅಂಬಾಸಿಡರ್ ಗ್ಯಾರೇಜು ಮುಚ್ಚುವಾಗ ಇವು ತೂಕಕ್ಕೆ ಹೋಗುತ್ತವೆ.

ನಟ್ಟು ಬೋಲ್ಟಿನ ಥ್ರೆಡ್ಡೂ ಮಿಲಿಮೀಟರಿನದಲ್ಲ. ಕಳೆದ ನಟ್ಟಿನ ಬದಲು ಅಂಗಡಿಯ ಎಂ12 ನಟ್ಟು ಎರಡು ಸುತ್ತು ಹತ್ತಿ ನಿಂತಿತೆಂದು ಒತ್ತಾಯಿಸಿ ಏರಿಸಬೇಡಿ. ಅಲ್ಲಿ ಉಳಿಯುವುದು ಎರಡು ಸುತ್ತಿನ ಹಿಡಿತ ಮಾತ್ರ.

ಬಿಚ್ಚುವುದು

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಹಿಂದಿನ ಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ಮೂತಿಯನ್ನು ಏರಿಸಿ ಬಾಡಿಯ ಗಟ್ಟಿ ಭಾಗಕ್ಕೆ ಎರಡು ಉಕ್ಕಿನ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸೈಜುಕಲ್ಲು, ತೆಂಗಿನ ದಿಮ್ಮಿ ಯಾವುದೂ ಬೇಡ. ಇಟ್ಟಿಗೆ ಒಡೆಯುವ ಮುಂಚೆ ಸೂಚನೆ ಕೊಡುವುದಿಲ್ಲ. ಬಿಚ್ಚುವ ಮುಂಚೆ ಇನ್ನೊಂದು ಕೆಲಸ: ಕಾರು ನೆಲದ ಮೇಲಿರುವಾಗಲೇ ಪ್ರತಿ ಚಕ್ರದ ಹಬ್ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಎತ್ತರವಿದೆ ಎಂದು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಬರೆಯಿರಿ. ಮೊಬೈಲಿನಲ್ಲಿ ಪ್ರತಿ ಕೀಲಿನ ಫೋಟೋ ತೆಗೆಯಿರಿ. ವಾಷರುಗಳು ಯಾವ ಸಾಲಿನಲ್ಲಿದ್ದವು ಎಂಬ ಪ್ರಶ್ನೆ ಎರಡು ವಾರದ ನಂತರ ಖಂಡಿತ ಬರುತ್ತದೆ.

ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿ ಮುಟ್ಟಿ. ಬಿಚ್ಚದ ಬದಿಯೇ ನಿಮ್ಮ ಮ್ಯಾನ್ಯುಯಲ್.

ಚಕ್ರ, ಡ್ರಮ್, ಹಬ್ ತೆಗೆಯಿರಿ. ಬ್ರೇಕಿನ ಬ್ಯಾಕ್ ಪ್ಲೇಟನ್ನು ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಬ್ರೇಕ್ ಹೋಸಿನ ಮೇಲೆ ಅದರ ಭಾರ ನೇತಾಡಬಾರದು. ಹೋಸು ಬಿರುಕು ಬಿಟ್ಟಿದ್ದರೆ ಈಗಲೇ ಬದಲಿಸುವುದು ಲೇಸು. ಟೈ ರಾಡ್ ಎಂಡ್ ಬಿಡಿಸಲು ನಟ್ಟು ಸಡಿಲಿಸಿ, ಸ್ಟೇರಿಂಗ್ ಆರ್ಮಿನ ಕಣ್ಣಿಗೆ ಒಂದು ಬದಿ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಯಿಂದ ಇನ್ನೊಂದು ಸುತ್ತಿಗೆಯಲ್ಲಿ ಒಂದು ಗಟ್ಟಿ ಏಟು. ಟೇಪರ್, ಅಂದರೆ ಕಣ್ಣಿನೊಳಗೆ ಬಿಗಿದು ಕೂತ ಓರೆ ತುದಿ, ಕಳಚಿ ಬೀಳುತ್ತದೆ. ತುದಿಯ ಥ್ರೆಡ್ಡಿಗೆ ಹೊಡೆಯುತ್ತ ಕೂತರೆ ಅದು ಅಣಬೆಯಾಗುತ್ತದೆ.

ಈಗ ಅಪಾಯದ ಕೆಲಸ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ನೇತಾಡುತ್ತಿದ್ದರೂ ಟಾರ್ಷನ್ ಬಾರ್ ಇನ್ನೂ ತಿರುಚಿಕೊಂಡೇ ಇದೆ. ಮೇಲಿನ ಟ್ರುನಿಯನ್ನು ಶಾಕಿನಿಂದ ಬಿಟ್ಟ ಕ್ಷಣ ಕೆಳಗಿನ ತೋಳು ನೆಲದ ಕಡೆಗೆ ಒದೆಯುತ್ತದೆ, ಅಡಿಯಲ್ಲಿ ಕೈಯೋ ಕಾಲೋ ಇದ್ದರೆ ದೇವರೇ ಗತಿ. ಆದ್ದರಿಂದ ಕೆಳಗಿನ ತೋಳಿನ ಹೊರತುದಿಗೆ ಟ್ರಾಲಿ ಜಾಕ್ ಕೊಟ್ಟು, ತೋಳು ಸ್ವಲ್ಪ ಮೇಲೇಳುವವರೆಗೆ ಒತ್ತಿ. ಈಗ ಭಾರ ಜಾಕಿನ ಮೇಲಿದೆ. ಮೇಲಿನ ಟ್ರುನಿಯನ್ನನ್ನು ಶಾಕಿನ ಲಿವರಿನಿಂದ ಬಿಡಿಸಿ. ಆಮೇಲೆ ಜಾಕನ್ನು ಒಂದೊಂದು ಬೆರಳಿನಷ್ಟು ಇಳಿಸುತ್ತ ಬನ್ನಿ, ತೋಳು ತಾನಾಗಿ ಜೋತು ನಿಲ್ಲುವವರೆಗೆ. ಅಲ್ಲಿಗೆ ಸರಳಿನ ಸಿಟ್ಟು ಇಳಿಯಿತು. ಹೊರಗಿನಿಂದ ನಿಂತು ಮಾಡಿ, ಎದುರಿಗೆ ಕೂತು ಅಲ್ಲ.

ಕೆಳಗಿನ ತೋಳು ಎರಡು ಹೋಳು: ಮುಂದಿನದು, ಹಿಂದಿನದು. ಟಾರ್ಷನ್ ಬಾರ್ ಹಿಡಿದಿರುವುದು ಹಿಂದಿನ ಹೋಳು. ಟೈ ಬಾರ್ ಬಿಡಿಸಿ, ಮುಂದಿನ ಹೋಳನ್ನು ಬಿಚ್ಚಿದರೆ ಪಿನ್ನು, ಎರಡು ಟ್ರುನಿಯನ್ನು ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಟಾರ್ಷನ್ ಬಾರ್ ತೆಗೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ತೆಗೆಯಲೇಬೇಕಾದರೆ ಎರಡೂ ತುದಿಯಲ್ಲಿ ಹಲ್ಲು ಯಾವುದಕ್ಕೆ ಯಾವುದು ಕೂತಿತ್ತು ಎಂದು ಬಣ್ಣದ ಗೆರೆ ಎಳೆಯಿರಿ. ಎಡ ಬಲ ಅದಲುಬದಲು ಮಾಡಬೇಡಿ, ವರ್ಷಗಟ್ಟಲೆ ಒಂದೇ ಕಡೆಗೆ ತಿರುಚಿ ಪಳಗಿದ ಉಕ್ಕು ಅದು. ಪೈಪ್ ರೆಂಚಿನಲ್ಲಿ ಕಚ್ಚಿ ತಿರುಗಿಸುವುದಂತೂ ಬೇಡವೇ ಬೇಡ, ಅಲ್ಲಿ ಬೀಳುವ ಒಂದು ಗೀರು ಮುಂದೆ ಬಿರುಕಾಗುತ್ತದೆ.

ತೊಳೆದು ನೋಡಿ

ಸೀಮೆಎಣ್ಣೆ, ತಂತಿ ಬ್ರಷ್, ಹಳೆ ಬನಿಯನ್. ಮಣ್ಣೂ ಗ್ರೀಸೂ ಹೋದ ಮೇಲೆ ಎರಡು ಹೋಳುಗಳ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯೇ, ಟೈ ಬಾರ್ ಬಗ್ಗಿದೆಯೇ ನೋಡಿ.

ಅದಕ್ಕಿಂತ ಮುಖ್ಯ ಬಾಡಿಯ ಕಡೆ ನೋಡುವುದು. ಟೈ ಬಾರ್ ಸೇರುವ ಜಾಗ, ಟಾರ್ಷನ್ ಬಾರಿನ ಹಿಂತುದಿ ಕೂರುವ ಅಡ್ಡತೊಲೆಯ ಕೊನೆಗಳು ಈ ಕಾರಿನಲ್ಲಿ ತುಕ್ಕು ತಿನ್ನುವ ಜಾಗಗಳು. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ. ಠಣ್ ಎಂದರೆ ಸರಿ. ಬೊದಬೊದ ಎಂದರೆ, ಅಥವಾ ತುದಿ ಒಳಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲಿಸಿ ವೆಲ್ಡರ್ ಹತ್ತಿರ ಹೋಗಿ. ಮಂಗಳೂರು, ಕಾರವಾರದ ಕಡೆ ಹತ್ತು ಮಳೆಗಾಲ ಕಂಡ ಕಾರಾದರೆ ಇದನ್ನು ಮೊದಲೇ ನೋಡಿ, ಆಮೇಲೆ ಸಾಮಾನು ತರಿಸಿ. ಕೊಳೆತ ಕಂಬಕ್ಕೆ ಹೊಸ ಬಾಗಿಲು ಹಾಕುವುದರಲ್ಲಿ ಅರ್ಥವಿಲ್ಲ.

ಶಾಕಿಗೆ ಎಣ್ಣೆ ತುಂಬುವುದಾದರೆ ಮೇಲಿನ ಪ್ಲಗ್ಗಿನ ಸುತ್ತ ಮೊದಲು ಚೊಕ್ಕ ಒರೆಸಿ, ಆಮೇಲೆ ತೆರೆಯಿರಿ. ಒಂದು ಕಾಳು ಮರಳು ಒಳಗೆ ಬಿದ್ದರೆ ಕವಾಟ ಹಾಳು. ಸ್ವಲ್ಪ ಸುರಿಯುವುದು, ಲಿವರನ್ನು ಪೂರ್ತಿ ಮೇಲೆ ಕೆಳಗೆ ಆಡಿಸುವುದು, ಗುಳ್ಳೆ ಬಿಟ್ಟ ಮೇಲೆ ಮತ್ತೆ ಸುರಿಯುವುದು. ಇದಕ್ಕೆಂದೇ ಇರುವ ಡ್ಯಾಂಪರ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಎಣ್ಣೆ ಹಾಕಿದ ಶಾಕುಗಳನ್ನು ನೋಡಿದ್ದೇನೆ, ಒಳಗಿನ ಸೀಲು ಅವಲಕ್ಕಿಯ ಹಾಗೆ ಊದಿಕೊಂಡಿತ್ತು.

ಜೋಡಿಸುವುದು

ಪಿನ್ನಿನ ಕೆಳಗಿನ ಥ್ರೆಡ್ಡಿಗೆ ಧಾರಾಳ ಗ್ರೀಸು ಹಚ್ಚಿ, ರಬ್ಬರ್ ಉಂಗುರವನ್ನು ಮೊದಲು ಕೂರಿಸಿ. ಕೆಳಗಿನ ಟ್ರುನಿಯನ್ನನ್ನು ತಳ ಮುಟ್ಟುವವರೆಗೆ ತಿರುಗಿಸಿ, ಆಮೇಲೆ ಸುಮಾರು ಒಂದು ಸುತ್ತು ಹಿಂದಕ್ಕೆ ಬಿಡಿ. ಈ ಒಂದು ಸುತ್ತೇ ಸ್ಟೇರಿಂಗ್ ಎರಡೂ ಕಡೆ ತಿರುಗಲು ಬೇಕಾದ ಜಾಗ. ತಳಕ್ಕೆ ಬಿಗಿದು ಬಿಟ್ಟರೆ ಒಂದು ಕಡೆ ಪೂರ್ತಿ ತಿರುಗಿಸುವ ಮುಂಚೆಯೇ ಥ್ರೆಡ್ಡಿನ ಕೊನೆ ಮುಟ್ಟಿ ಹಿಡಿದುಕೊಳ್ಳುತ್ತದೆ. ತುಂಬ ಹಿಂದಕ್ಕೆ ಬಿಟ್ಟರೆ ಭಾರ ಹೊರಲು ಥ್ರೆಡ್ಡು ಕಡಿಮೆಯಾಗುತ್ತದೆ. ಮೇಲಿನದಕ್ಕೂ ಇದೇ ಲೆಕ್ಕ. ಕೈಯಲ್ಲಿ ಹಿಡಿದು ಸ್ಟೇರಿಂಗ್ ತಿರುಗುವಷ್ಟು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಎಲ್ಲೂ ತಡೆಯಬಾರದು.

ಕೆಳಗಿನ ಟ್ರುನಿಯನ್ನಿನ ಅಡ್ಡ ಪಿನ್ನು, ಅದರ ವಾಷರು, ಸೀಲುಗಳನ್ನು ಫೋಟೋ ನೋಡಿಯೇ ಸೇರಿಸಿ. ಹಿಂದಿನ ಹೋಳಿಗೆ ಕೂರಿಸಿ, ಮುಂದಿನ ಹೋಳು ಮುಚ್ಚಿ. ತೋಳಿನ ಒಳತುದಿಯನ್ನು ಬಾಡಿಗೆ ಹಿಡಿಯುವ ಐ ಬೋಲ್ಟಿನ ರಬ್ಬರ್ ಬುಷ್ಷಿಗೆ ಗ್ರೀಸು ಹಚ್ಚಬೇಡಿ, ಸೋಪು ನೀರು ಸಾಕು, ಒಣಗಿದ ಮೇಲೆ ಅದು ಹಿಡಿದುಕೊಳ್ಳುತ್ತದೆ. ಗ್ರೀಸು ರಬ್ಬರನ್ನು ತಿನ್ನುತ್ತದೆ, ಮತ್ತೆ ಅದು ಜಾರುತ್ತಲೇ ಇರುತ್ತದೆ. ಬೋಲ್ಟುಗಳನ್ನು ಕೈ ಬಿಗಿ ಮಾತ್ರ ಮಾಡಿ ಬಿಡಿ. ಟೈ ಬಾರನ್ನು ಸೇರಿಸಿ, ಅದರದ್ದೂ ಕೈ ಬಿಗಿ.

ಜಾಕನ್ನು ಮತ್ತೆ ತೋಳಿನ ಕೆಳಗೆ ಕೊಟ್ಟು ನಿಧಾನವಾಗಿ ಏರಿಸಿ, ಮೇಲಿನ ಟ್ರುನಿಯನ್ನು ಶಾಕಿನ ಲಿವರಿನ ಎದುರಿಗೆ ಬರುವವರೆಗೆ. ಹೊಸ ರಬ್ಬರುಗಳನ್ನು ಹಾಕಿ ನಟ್ಟು ಹತ್ತಿಸಿ. ಇಲ್ಲೂ ಪೂರ್ತಿ ಬಿಗಿಯುವುದು ಬೇಡ.

ಹಬ್‌ನ ಬೇರಿಂಗ್ ಬಗ್ಗೆ ಒಂದು ಮಾತು, ಏಕೆಂದರೆ ಒಳ್ಳೆಯ ಮೇಸ್ತ್ರಿಗಳೇ ಇಲ್ಲಿ ತಪ್ಪುತ್ತಾರೆ. ನಮ್ಮಲ್ಲಿ ಹೆಚ್ಚಿನ ಹಳೆಯ ವಾಹನಗಳಿಗೆ ಟೇಪರ್ ರೋಲರ್, ಅಂದರೆ ಓರೆ ಉರುಳೆಗಳ ಬೇರಿಂಗ್. ನಟ್ಟು ಬಿಗಿದು, ಚಕ್ರ ತಿರುಗಿಸಿ, ಕಾಲು ಸುತ್ತು ಸಡಿಲ ಬಿಡುವುದು ಕೈಗೆ ಬಂದ ಅಭ್ಯಾಸ. ಮೈನರ್‌ನಲ್ಲಿ ಬಂದಿರುವುದು ಗುಂಡಿನ ಬೇರಿಂಗ್, ಎರಡರ ನಡುವೆ ಒಂದು ಕೊಳವೆ. ಬಿಗಿತವನ್ನು ಆ ಕೊಳವೆ ತಾಳುತ್ತದೆ. ಇಲ್ಲಿ ನಟ್ಟನ್ನು ಮ್ಯಾನ್ಯುಯಲ್ಲಿನ ಲೆಕ್ಕಕ್ಕೆ ಪೂರ್ತಿ ಬಿಗಿಯಬೇಕು, ಸಡಿಲ ಬಿಡಬಾರದು. ಬೇರಿಂಗಿನ ಮೇಲೆ 'ಥ್ರಸ್ಟ್' ಎಂದು ಕೊರೆದ ಮುಖ ಕೊಳವೆಯ ಕಡೆಗಿರಲಿ. ನಿಮ್ಮ ಕಾರಿಗೆ ಯಾರೋ ಆಗಲೇ ಟೇಪರ್ ಹಾಕಿಸಿದ್ದರೆ ಮಾತ್ರ ಹಳೆಯ ಅಭ್ಯಾಸಕ್ಕೆ ಹೋಗಿ. ಬಿಚ್ಚುವಾಗಲೇ ಯಾವುದಿದೆ ನೋಡಿಟ್ಟುಕೊಳ್ಳಿ.

ಬ್ಯಾಕ್ ಪ್ಲೇಟ್, ಡ್ರಮ್, ಟೈ ರಾಡ್ ಎಂಡ್ ಹಾಕಿ. ಸ್ಪ್ಲಿಟ್ ಪಿನ್ನು, ಬಾಗಿಸುವ ತಗಡಿನ ವಾಷರು, ನೈಲಾನ್ ನಟ್ಟು ಎಲ್ಲ ಹೊಸವು. ತೆಗೆದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಉಳಿತಾಯ ಬೇಡ.

ನೆಲಕ್ಕಿಳಿಸಿ ಬಿಗಿಯಿರಿ

ನನ್ನ ಮೊದಲ ಸಲದ ತಪ್ಪು ಇಲ್ಲಿ. ಕಾರು ಸ್ಟ್ಯಾಂಡಿನ ಮೇಲಿದ್ದಾಗ ಕೆಳಗೆ ಮಲಗಲು ಜಾಗ ಚೆನ್ನಾಗಿತ್ತು, ಸ್ಪ್ಯಾನರ್ ಆಡುತ್ತಿತ್ತು, ಎಲ್ಲ ನಟ್ಟನ್ನೂ ಖುಷಿಯಿಂದ ಬಿಗಿದುಬಿಟ್ಟೆ. ಇಳಿಸಿದರೆ ಕಾರು ಒಂದು ಬೆರಳು ಎತ್ತರ ನಿಂತಿತ್ತು. ಹೊಸ ಸಾಮಾನು, ಹಾಗೇ ಇರುತ್ತದೆ ಅಂದುಕೊಂಡೆ. ಐದಾರು ತಿಂಗಳಲ್ಲಿ ಹಳ್ಳ ಬಿದ್ದಾಗಲೆಲ್ಲ ಕಿರ್ ಎನ್ನತೊಡಗಿತು. ಬಿಚ್ಚಿ ನೋಡಿದರೆ ರಬ್ಬರುಗಳು ಸುತ್ತಲೂ ಹರಿದಿದ್ದವು. ಹೊಸ ರಬ್ಬರ್ ಸೆಟ್ಟಿನ ದುಡ್ಡೂ ಎರಡು ಭಾನುವಾರವೂ ಹೋದವು.

ಕಾರಣ ಇಷ್ಟು. ಈ ರಬ್ಬರ್ ಬುಷ್ಷು ಬೇರಿಂಗಿನ ಹಾಗೆ ಜಾರಿ ತಿರುಗುವುದಿಲ್ಲ. ಒಳಗಿನ ಕಬ್ಬಿಣವನ್ನೂ ಹೊರಗಿನದನ್ನೂ ಕಚ್ಚಿ ಹಿಡಿದು ತಾನೇ ತಿರುಚಿಕೊಳ್ಳುತ್ತದೆ. ಬಿಗಿಯುವ ಕ್ಷಣದಲ್ಲಿ ತೋಳು ಎಲ್ಲಿರುತ್ತದೋ ಅದೇ ಅದರ ನೆಮ್ಮದಿಯ ಜಾಗ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನಿಂತಿರುವಾಗಲೇ ರಬ್ಬರು ಅರ್ಧ ತಿರುಚಿರುತ್ತದೆ, ಹಳ್ಳ ಬಿದ್ದಾಗ ಉಳಿದರ್ಧವೂ ಸೇರಿ ಹರಿಯುತ್ತದೆ. ಎತ್ತರ ನಿಂತಿದ್ದೂ ಅದಕ್ಕೇ: ಕಾರನ್ನು ಎತ್ತಿ ಹಿಡಿದಿದ್ದುದು ಸರಳು ಮಾತ್ರವಲ್ಲ, ತಿರುಚಿದ ರಬ್ಬರೂ ಸೇರಿತ್ತು.

ಆದ್ದರಿಂದ ಚಕ್ರ ಹಾಕಿ, ನೆಲಕ್ಕಿಳಿಸಿ, ಮೂತಿಯನ್ನು ನಾಲ್ಕೈದು ಸಲ ಒತ್ತಿ ಬಿಡಿ. ಕೈಯಲ್ಲಿ ತಳ್ಳಿ ಒಂದು ಮಾರು ಹಿಂದೆ ಮುಂದೆ ಉರುಳಿಸಿ, ಜಾಕ್ ಇಳಿಸುವಾಗ ಅಗಲಕ್ಕೆ ಸಿಕ್ಕಿಕೊಂಡ ಟೈರು ಸಹಜಕ್ಕೆ ಬರುತ್ತದೆ. ಈಗ ಐ ಬೋಲ್ಟು, ಮೇಲಿನ ಟ್ರುನಿಯನ್, ಟೈ ಬಾರ್ ಎಲ್ಲವನ್ನೂ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ಲಿನ ಲೆಕ್ಕಕ್ಕೆ ಬಿಗಿಯಿರಿ. ಕೆಳಗೆ ನುಸುಳಲು ಜಾಗವಿಲ್ಲದಿದ್ದರೆ ನಾಲ್ಕೂ ಚಕ್ರದ ಅಡಿಗೆ ಒಂದೇ ದಪ್ಪದ ಮರದ ಹಲಗೆಗಳನ್ನು ಇಟ್ಟು ಹತ್ತಿಸಿ. ಕಷ್ಟದ ಕೆಲಸ, ಕತ್ತು ನೋಯುತ್ತದೆ, ಆದರೂ ಹೀಗೇ ಮಾಡಬೇಕು.

ಎತ್ತರ, ಅಲೈನ್‌ಮೆಂಟ್

ಗೋಡೆಯ ಮೇಲೆ ಬರೆದ ಅಳತೆಗೆ ಹೋಲಿಸಿ. ಕೆಲವು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೂರಿನ್ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಅಳೆಯಿರಿ. ಆಗಲೂ ಒಂದು ಬದಿ ಸ್ಪಷ್ಟವಾಗಿ ಕುಸಿದಿದ್ದರೆ ಟಾರ್ಷನ್ ಬಾರಿನ ಹಿಂದಿನ ಲಿವರಿನಲ್ಲಿ ಹೊಂದಿಸಬೇಕು. ಅದಕ್ಕೂ ಸರಳಿನ ಬಿಗಿ ಮೊದಲು ಇಳಿಸಲೇಬೇಕು, ಜಾಕಿನ ಆ ಪಾಠ ಮತ್ತೆ ಮೊದಲಿನಿಂದ.

ಟೋ-ಇನ್ ಈ ಕಾರಿಗೆ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ಮುಂಚಕ್ರಗಳ ಮುಂದಿನ ಅಂಚುಗಳ ನಡುವಿನ ದೂರ ಹಿಂದಿನ ಅಂಚುಗಳ ನಡುವಿನ ದೂರಕ್ಕಿಂತ ಅಷ್ಟು ಕಡಿಮೆ ಇರಬೇಕು. ಮನೆಯಲ್ಲೇ ಅಳೆಯಬಹುದು. ಸ್ಟೇರಿಂಗ್ ನೇರವಿಟ್ಟು, ಎರಡು ರಿಮ್ಮಿನ ಮುಂದಂಚಿಗೆ ಹಬ್ಬಿನ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ, ಆ ಗುರುತುಗಳೇ ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತಿನಲ್ಲಿ ಅಳೆಯುವುದರಿಂದ ರಿಮ್ಮು ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ಎರಡೂ ಬದಿಯ ಟೈ ರಾಡನ್ನು ಸಮವಾಗಿ ತಿರುಗಿಸಿ, ಒಂದೇ ಬದಿ ತಿರುಗಿಸಿದರೆ ಅಳತೆ ಸರಿಯಾದರೂ ಸ್ಟೇರಿಂಗ್ ಚಕ್ರ ಓರೆ ನಿಲ್ಲುತ್ತದೆ.

ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಅವರ ಪಟ್ಟಿಯಲ್ಲಿ ಈ ಕಾರು ಇಲ್ಲದಿರಬಹುದು. ಹುಡುಗರು 'ಯಾವ್ದೋ ಒಂದು ಸಣ್ಣ ಕಾರಿಂದು ಹಾಕ್ಬಿಡ್ಲಾ ಸಾರ್' ಎಂದು ಕೇಳುತ್ತಾರೆ. ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ.

ಮೊದಲ ಓಟ, ಆಮೇಲೆ ಗ್ರೀಸು

ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೊರಡಿ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮರಳದೆ ಹಿಡಿದುಕೊಂಡರೆ ಟ್ರುನಿಯನ್ ಬಿಗಿಯಾಗಿದೆ, ಗ್ರೀಸು ಒತ್ತಿ ನೋಡಿ, ಆಗಲೂ ಸಡಿಲವಾಗದಿದ್ದರೆ ಬಿಚ್ಚಿ. ಬ್ರೇಕ್ ಹೊಡೆದಾಗ ಒಂದು ಕಡೆ ಎಳೆದರೆ ಮೊದಲು ಟೈ ಬಾರ್ ನಟ್ಟು, ಆಮೇಲೆ ಬ್ರೇಕ್ ನೋಡಿ. ವಾಪಸ್ ಬಂದ ಮೇಲೆ ಹಬ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಸರಿಯಿಲ್ಲ. 300 ಕಿ.ಮೀ. ಆದ ಮೇಲೆ ಪ್ರತಿ ನಟ್ಟಿಗೂ ಇನ್ನೊಮ್ಮೆ ರೆಂಚ್ ಹಾಕಿ.

ಗ್ರೀಸು ಹೊಡೆಯುವುದಕ್ಕೂ ಒಂದು ರೀತಿ ಇದೆ. ಕಾರು ನೆಲದ ಮೇಲೆ ನಿಂತಿರುವಾಗ ಭಾರ ಹೊತ್ತ ಥ್ರೆಡ್ಡಿನ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಗ್ರೀಸು ಸುಲಭದ ದಾರಿ ಹಿಡಿದು ಭಾರವಿಲ್ಲದ ಕಡೆಯಿಂದ ಹೊರಬರುತ್ತದೆ. ಹೊರಗೆ ಬಂದದ್ದನ್ನು ನೋಡಿ ಕೆಲಸ ಆಯಿತೆಂದುಕೊಳ್ಳುತ್ತೇವೆ. ಸವೆಯುವ ಮುಖಕ್ಕೆ ಮಾತ್ರ ಒಂದು ಹನಿಯೂ ತಲುಪಿರುವುದಿಲ್ಲ. ಪೆಟ್ರೋಲ್ ಬಂಕಿನ ಗುಂಡಿಯ ಮೇಲೆ ನಿಲ್ಲಿಸಿ ಹೊಡೆಸಿದರೂ ಆಗುವುದು ಇದೇ. ಮೂತಿಯನ್ನು ಜಾಕಿನಲ್ಲಿ ಎತ್ತಿ, ಚಕ್ರ ನೇತಾಡಲು ಬಿಟ್ಟು, ಸ್ಟೇರಿಂಗ್ ಒಂದು ಕಡೆ ತಿರುಗಿಸಿ ಅರ್ಧ, ಇನ್ನೊಂದು ಕಡೆ ತಿರುಗಿಸಿ ಅರ್ಧ ಹೊಡೆಯಿರಿ, ಹಳೆಯ ಕಪ್ಪು ಗ್ರೀಸು ಹೋಗಿ ಹೊಸದರ ಬಣ್ಣ ಕಾಣುವವರೆಗೆ. ನಾನು 1,500 ಕಿ.ಮೀ.ಗೆ ಒಮ್ಮೆ, ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಓಡಾಡಿದ್ದರೆ ಅದಕ್ಕೂ ಮುಂಚೆ ಹೊಡೆಯುತ್ತೇನೆ. ನಿಪ್ಪಲ್ಲಿನ ತಲೆಯ ಕೆಸರನ್ನು ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಗನ್ ಹಿಡಿಯಿರಿ.